ಈಗ ಯಾವ ಪ್ಲೇಟು ಹಾಕಿದ್ದೀರಿ? ರೆಕಾರ್ಡ್ ಕೇಳುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

ನಾವು ಆರೇಳು ಜನ ಗೆಳೆಯರು ತಿಂಗಳಿಗೊಂದು ಭಾನುವಾರ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ. ತಲೆಗೊಂದು ರೆಕಾರ್ಡು ತರಬೇಕು. ಒಂದು ಬದಿ ಪೂರ್ತಿ ಹಾಕಬೇಕು. ಮುಗಿಯುವವರೆಗೆ ಮಾತಿಲ್ಲ, ಆಮೇಲೆ ಕಾಫಿ ಜೊತೆ ಎಷ್ಟು ಬೇಕಾದರೂ ಮಾತು. ಮಿಕ್ಕ ದಿನಗಳಲ್ಲಿ ಯಾರು ಏನು ಹಾಕಿದ್ದಾರೆ ಅಂತ ಫೋನಿನಲ್ಲಿ ಫೋಟೋ ಓಡಾಡುತ್ತಿರುತ್ತವೆ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲಾ ಹಾಡೂ ಮೊಬೈಲಲ್ಲೇ ಸಿಗುತ್ತಲ್ಲ, ಇದೆಲ್ಲ ಯಾಕೆ?

ಬೇಕೇ ಬೇಕು ಅಂತೇನೂ ಇಲ್ಲ. ನಾನೂ ಬಸ್ಸಿನಲ್ಲಿ ಮೊಬೈಲಲ್ಲೇ ಕೇಳುತ್ತೇನೆ. ಆದರೆ ‘ಎಲ್ಲಾ ಸಿಗುತ್ತೆ’ ಅನ್ನುವುದು ಪೂರ್ತಿ ನಿಜ ಅಲ್ಲ. ಹಳೇ ಕನ್ನಡ ಸಿನಿಮಾದ ಎಷ್ಟೋ ಹಾಡುಗಳು ಮೊಬೈಲಿನಲ್ಲಿ ಸಿಗುವುದು ಸಿನಿಮಾ ಪ್ರಿಂಟಿನಿಂದ ತೆಗೆದ ರೂಪದಲ್ಲಿ. ಮಧ್ಯೆ ಕುದುರೆ ಓಡುತ್ತೆ, ಯಾರೋ ಬಾಗಿಲು ತೆಗೆಯುತ್ತಾರೆ. ಪ್ಲೇಟಿನಲ್ಲಿ ಹಾಡು ಮಾತ್ರ ಇರುತ್ತೆ. ಕೆಲವು ಸಲ ಸಿನಿಮಾದಲ್ಲಿ ಕತ್ತರಿಸಿದ ಚರಣವೂ ಇರುತ್ತೆ.

ಇನ್ನೊಂದು ಕಾರಣ ಸೋಮಾರಿತನ. ಪ್ಲೇಟು ಹಾಕಿದ ಮೇಲೆ ಹಾಡು ದಾಟಿಸಬೇಕು ಅಂದರೆ ಎದ್ದು ಹೋಗಬೇಕು. ಯಾರು ಏಳುತ್ತಾರೆ? ಹಾಗೆ ಏಳದೆ ಕೂತಿದ್ದಕ್ಕೇ ಎಷ್ಟೋ ಹಾಡುಗಳು ನನಗೆ ಇಷ್ಟವಾಗಿವೆ.

ಇದು ನಮ್ಮ ನಾಲ್ಕು ಜನರ ಹುಚ್ಚು ಅಂತಲೂ ಅಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ವಿನೈಲ್, ಅಂದರೆ ಪ್ಲಾಸ್ಟಿಕ್ಕಿನ ರೆಕಾರ್ಡು, ಜಾಸ್ತಿ ಮಾರಾಟವಾಯಿತು. ಸುಮಾರು 4.1 ಕೋಟಿ ರೆಕಾರ್ಡು, ಸಿಡಿ 3.3 ಕೋಟಿ. 1987ರ ನಂತರ ಹಾಗೆ ಆಗಿದ್ದು ಅದೇ ಮೊದಲು.

ಪ್ಲೇಟು, ಎಲ್‌ಪಿ, ಇಪಿ, 78 ಅಂತೆಲ್ಲ ಹೇಳ್ತೀರಲ್ಲ, ವ್ಯತ್ಯಾಸ ಏನು?

ನಮ್ಮ ಕಡೆ ಹಿರಿಯರು ಎಲ್ಲವನ್ನೂ ‘ಪ್ಲೇಟು’ ಅಂತಲೇ ಕರೆಯುತ್ತಾರೆ. ಎಚ್‌ಎಂವಿ ಕಂಪನಿಯದಾದರೆ ‘ನಾಯಿ ಮಾರ್ಕಿನ ಪ್ಲೇಟು’.

78 ಅಂದರೆ ನಿಮಿಷಕ್ಕೆ 78 ಸುತ್ತು. ಗಟ್ಟಿ, ಭಾರ, ಕೈ ಜಾರಿದರೆ ಹಂಚಿನ ಹಾಗೆ ಚೂರು. ಅದು ಪ್ಲಾಸ್ಟಿಕ್ ಅಲ್ಲ, ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣದ ಜೊತೆ ಹಚ್ಚುತ್ತಾರಲ್ಲ, ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಒತ್ತಿರುತ್ತಾರೆ. 10 ಇಂಚಿನದ್ದಾದರೆ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ.

ಎಲ್‌ಪಿ 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದದ್ದು. ವಿನೈಲ್, 12 ಇಂಚು, ನಿಮಿಷಕ್ಕೆ 33⅓ ಸುತ್ತು, ಬದಿಗೆ 20 ನಿಮಿಷ ಹೆಚ್ಚುಕಮ್ಮಿ. ಒಂದು ಬದಿಯಲ್ಲಿ ಇರುವುದು ಒಂದೇ ಒಂದು ಗೆರೆ, ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ಹೋಗುತ್ತೆ. ಒಮ್ಮೆ ಕೂತು ಲೆಕ್ಕ ಹಾಕಿದೆ. ಬಿಡಿಸಿ ಉದ್ದಕ್ಕೆ ಎಳೆದರೆ 400 ಮೀಟರ್ ದಾಟುತ್ತೆ.

ಇಪಿ 7 ಇಂಚಿನದು, 45 ಸುತ್ತು. ನಮ್ಮ ಸಿನಿಮಾ ಹಾಡುಗಳಿಗೆ ಇದೇ ಹೆಚ್ಚು ಓಡಿದ್ದು. ಬದಿಗೆ ಎರಡರಂತೆ ನಾಲ್ಕು ಹಾಡು, ಅಲ್ಲಿಗೆ ಒಂದು ಸಿನಿಮಾ ಮುಗಿಯಿತು.

‘ಇವತ್ತು ಇದು ಕೇಳಿದೆ’ ಅಂತ ಹೇಳುವಾಗ ಏನೇನು ಹೇಳಬೇಕು?

ಬರೀ ಕವರಿನ ಫೋಟೋ ಕಳಿಸಿದರೆ ನಮ್ಮವರು ಬೈಯುತ್ತಾರೆ. ಕವರು ಎಲ್ಲರ ಬಳಿಯೂ ಒಂದೇ. ನಿಮ್ಮ ಕೈಯಲ್ಲಿರುವ ಪ್ಲೇಟು ಒಂದೇ ಇರುವುದು, ಅದರ ಬಗ್ಗೆ ಹೇಳಿ.

ಮೊದಲು ನಡುವಿನ ಲೇಬಲ್ ನೋಡಿ. ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಪಾಲಿಡಾರ್, ಇನ್ರೆಕೋ, ಯಾವುದು? ಅದರ ಮೇಲೆ ಕಂಪನಿಯ ನಂಬರು ಇರುತ್ತೆ. ಹಳೇ ಎಚ್‌ಎಂವಿ ಎಲ್‌ಪಿಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಅಂತ ಶುರುವಾದರೆ ಮೋನೋ, ಇಎಎಸ್‌ಡಿ, ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೋ. ಆಮೇಲೆ ಹಾಡು ಮುಗಿದು ಲೇಬಲ್‌ಗೆ ಮುಂಚೆ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ದೀಪಕ್ಕೆ ಓರೆಯಾಗಿ ಹಿಡಿದರೆ ಕೊರೆದ ಅಂಕಿ ಅಕ್ಷರ ಕಾಣುತ್ತವೆ. ಯಾವ ಅಚ್ಚಿನಿಂದ ಒತ್ತಿದ್ದು ಅಂತ ಗೊತ್ತಾಗುವುದು ಅದರಿಂದಲೇ. 2000ದಲ್ಲಿ ಶುರುವಾದ, ರೆಕಾರ್ಡುಗಳ ವಿವರ ಕೂಡಿಡುವ ವೆಬ್‌ಸೈಟ್ ಡಿಸ್ಕಾಗ್ಸ್‌ನಲ್ಲಿ ಆ ನಂಬರು ಹಾಕಿ ಹುಡುಕಬಹುದು. ಕನ್ನಡದ ಪ್ಲೇಟುಗಳ ವಿವರ ಅಲ್ಲಿ ಕಡಿಮೆ. ಅದಕ್ಕೇ ಫೋಟೋ ತೆಗೆದು ನೀವೇ ಸೇರಿಸಿ ಅಂತ ನಾನು ಎಲ್ಲರ ಬೆನ್ನು ಹತ್ತುತ್ತೇನೆ.

ನಂಬರಿಗಿಂತ ನನಗೆ ಇಷ್ಟ, ಪ್ಲೇಟಿನ ಮೇಲೆ ಜನ ಬಿಟ್ಟ ಗುರುತು. ನನ್ನ ಬಳಿ ಒಂದು ಇಪಿ ಇದೆ. ಲೇಬಲ್ ಮೇಲೆ ನೇರಳೆ ಶಾಯಿಯ ರಬ್ಬರ್ ಸ್ಟಾಂಪು, ಯಾವುದೋ ಊರಿನ ಮೈಕ್ ಸೆಟ್ ಅಂಗಡಿಯದು, ಊರಿನ ಹೆಸರಿನ ಕೊನೆಯ ‘ಹಳ್ಳಿ’ ಮಾತ್ರ ಓದಲು ಬರುತ್ತೆ. ಪಕ್ಕದಲ್ಲಿ ಬಿಳಿ ಪೇಂಟಿನಲ್ಲಿ 63. ಬೆಳಕಿಗೆ ಹಿಡಿದರೆ ಮೊದಲ ಬದಿಯ ಎರಡನೇ ಹಾಡಿನ ಜಾಗ ಬೂದಿ ಬಣ್ಣಕ್ಕೆ ತಿರುಗಿದೆ. ಮಿಕ್ಕ ಮೂರು ಹಾಡು ಇನ್ನೂ ಕಪ್ಪಗೆ ಹೊಳೆಯುತ್ತವೆ. ಎಷ್ಟು ಮದುವೆ, ಎಷ್ಟು ಜಾತ್ರೆಯಲ್ಲಿ ಆ ಒಂದು ಹಾಡನ್ನೇ ಹಾಕಿಸಿದ್ದಾರೋ! ಕೇಳಿದರೆ ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವ ಸದ್ದು, ಅದರ ಹಿಂದೆ ಎಲ್ಲೋ ಎಸ್. ಜಾನಕಿ. ಗುಂಪಿನಲ್ಲಿ ಇದನ್ನು ಹಾಕಿದ ದಿನ ಅರ್ಧ ಗಂಟೆ ಬರೀ ಮೈಕ್ ಸೆಟ್ ಕತೆಗಳೇ ಬಂದವು.

78ರ ಮೂರು ನಿಮಿಷದಲ್ಲಿ ಎಂಥಾ ರಾಗ ಹಾಡೋಕಾಗುತ್ತೆ?

ಹಾಡಿದರು, ಅದೇ ಆಶ್ಚರ್ಯ. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು ಗೌಹರ್ ಜಾನ್ ಅವರ ಹಾಡುಗಾರಿಕೆ ಮುದ್ರಿಸಿಕೊಂಡ. ಆಗ ಮೈಕೇ ಇರಲಿಲ್ಲ. ಒಂದು ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಹಾಡಬೇಕಿತ್ತು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಅಂತ ಕೂಗಿ ಹೇಳುತ್ತಾರೆ. ಜಂಬಕ್ಕಲ್ಲ. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮೂರು ನಿಮಿಷ ಅಂದರೆ ನಿಧಾನವಾಗಿ ಆಲಾಪ ಬಿಚ್ಚಲು ಸಮಯವಿಲ್ಲ. ಮೊದಲ ಸ್ವರದಲ್ಲೇ ರಾಗ ನಿಲ್ಲಿಸಬೇಕು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಅವರ 78 ಕೇಳಿದರೆ ಅವಸರ ಅಂತ ಅನ್ನಿಸುವುದೇ ಇಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ ಹುಚ್ಚು ಹಿಡಿಸಿಕೊಂಡಿದ್ದು ಈ ಕರೀಂ ಖಾನರ ಠುಮ್ರಿಯನ್ನು ಪ್ಲೇಟಿನಲ್ಲಿ ಕೇಳಿಯೇ. 1933ರಲ್ಲಿ, 11ನೇ ವಯಸ್ಸಿಗೆ, ಗುರು ಹುಡುಕಿಕೊಂಡು ಮನೆ ಬಿಟ್ಟರು. ನಂತರ ಅವರಿಗೆ ಗುರುವಾದ ಕುಂದಗೋಳದ ಸವಾಯಿ ಗಂಧರ್ವರು ಅದೇ ಕರೀಂ ಖಾನರ ಶಿಷ್ಯರು. ಪ್ಲೇಟಿನ ಮೂರು ನಿಮಿಷ ಒಂದು ಜೀವಮಾನವನ್ನೇ ತಿರುಗಿಸಿತು ನೋಡಿ.

ಗಂಗೂಬಾಯಿ ಹಾನಗಲ್ ಅವರ ಶುರುವಿನ ಪ್ಲೇಟುಗಳಲ್ಲಿ ಹೆಸರು ‘ಗಾಂಧಾರಿ’ ಅಂತಿರುತ್ತೆ. ಎಲ್ಲಾದರೂ ಕಂಡರೆ ದಾಟಿ ಹೋಗಬೇಡಿ. ದನಿಯೂ ನಮಗೆ ಗೊತ್ತಿರುವ ಗಂಗಜ್ಜಿಯ ಗಡಸು ದನಿಯಲ್ಲ, ತೆಳ್ಳಗೆ, ಮೇಲಿನ ಶ್ರುತಿಯಲ್ಲಿದೆ.

ಕನ್ನಡದಲ್ಲಿ ಯಾವುದರಿಂದ ಶುರು ಮಾಡಲಿ?

ಸಿನಿಮಾ ಹಾಡು ಇಷ್ಟ ಇದ್ದರೆ 1970ರ ದಶಕದಿಂದ. ವಿಜಯಭಾಸ್ಕರ್ ಸಂಗೀತದ ‘ಶರಪಂಜರ’ (1971), ‘ನಾಗರಹಾವು’ (1972). ರಾಜನ್-ನಾಗೇಂದ್ರರ ‘ಎರಡು ಕನಸು’ (1974). ಜಿ.ಕೆ. ವೆಂಕಟೇಶ್ ಅವರದ್ದು ಸಿಕ್ಕರೆ ಯಾವುದಾದರೂ ಸರಿ. ಅವರ ಬಳಿ ಆಗ ಸಹಾಯಕರಾಗಿದ್ದವರು ಇಳಯರಾಜ. ಅದು ಗೊತ್ತಿದ್ದು ಕೇಳಿದರೆ ಗಿಟಾರ್ ಬರುವ ಕಡೆ ಕಿವಿ ತಾನಾಗೇ ನಿಮಿರುತ್ತೆ.

ಜೋಡಿ ಪ್ಲೇಟು ಹಾಕಿ ಕೇಳುವುದಿದ್ದರೆ ನನ್ನ ಸಲಹೆ ಇದು. ರಾಜ್‌ಕುಮಾರ್ ಸಿನಿಮಾದ್ದೇ ಎರಡು ತಗೊಳ್ಳಿ, 1974ಕ್ಕೆ ಮುಂಚಿನದ್ದೊಂದು, ಆಮೇಲಿನದ್ದೊಂದು. ಮೊದಲನೆಯದರಲ್ಲಿ ಅವರಿಗೆ ಹಾಡುವವರು ಪಿ.ಬಿ. ಶ್ರೀನಿವಾಸ್. ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ಅಣ್ಣಾವ್ರು ತಾವೇ ಖಾಯಮ್ಮಾಗಿ ಹಾಡಲು ಶುರು ಮಾಡಿದರು. ಒಬ್ಬರದ್ದು ರೇಷ್ಮೆ ದನಿ. ಇನ್ನೊಬ್ಬರು ರಂಗಭೂಮಿಯಲ್ಲಿ ಪಳಗಿದವರು, ಎದೆಯಿಂದ ಹಾಡುತ್ತಾರೆ. ನಮ್ಮ ಗುಂಪಿನಲ್ಲಿ ಇದರ ಮೇಲೆ ಎರಡು ಪಕ್ಷ ಇದೆ. ನಾನು ಪಿ.ಬಿ.ಎಸ್. ಪಕ್ಷ. ಆದರೂ ‘ಸನಾದಿ ಅಪ್ಪಣ್ಣ’ (1977) ಹಾಕಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಅದರ ಶಹನಾಯಿ ಸ್ವತಃ ಬಿಸ್ಮಿಲ್ಲಾ ಖಾನ್ ಅವರದ್ದು.

ಭಾವಗೀತೆ ಹುಡುಕಿ ಬಂದವರಿಗೆ ಸ್ವಲ್ಪ ನಿರಾಸೆಯಾಗುತ್ತೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದದ್ದೇ ಕ್ಯಾಸೆಟ್ಟಾಗಿ. ನಮ್ಮ ಸುಗಮ ಸಂಗೀತ ಬೆಳೆದದ್ದು ಕ್ಯಾಸೆಟ್ಟಿನ ಮಡಿಲಲ್ಲಿ. ಪ್ಲೇಟಿನಲ್ಲಿ ಸಿಗುವುದು ಅಪರೂಪ.

ಹಳೇ ಪ್ಲೇಟು ಎಲ್ಲಿ ಸಿಗುತ್ತೆ?

ಮೊದಲು ನಿಮ್ಮದೇ ಅಟ್ಟ ನೋಡಿ. ಆಮೇಲೆ ಅತ್ತೆ ಮನೆ ಅಟ್ಟ, ದೊಡ್ಡಪ್ಪನ ಮನೆ ಅಟ್ಟ. ತಮಾಷೆಯಲ್ಲ, ನನ್ನ ಸಂಗ್ರಹದ ಅರ್ಧ ಬಂದಿದ್ದು ಹಾಗೇ. ಬೆಂಗಳೂರಿನಲ್ಲಿ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಗೆ ಬೆಳಿಗ್ಗೆ ಬೇಗ ಹೋದರೆ ಅದೃಷ್ಟ ಇದ್ದರೆ ಸಿಗುತ್ತೆ. ಬೇರೆ ಊರಿಗೆ ಹೋದಾಗ ಕೋಲ್ಕತ್ತಾದ ಫ್ರೀ ಸ್ಕೂಲ್ ಸ್ಟ್ರೀಟ್, ಮುಂಬೈನ ಚೋರ್ ಬಜಾರ್ ಬಿಡಬೇಡಿ.

ಆನ್‌ಲೈನಿನಲ್ಲಿ ಕೊಳ್ಳುವಾಗ ಭಾಷೆ ಅರ್ಥ ಮಾಡಿಕೊಳ್ಳಿ. ಮಿಂಟ್, ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ, ಗುಡ್ ಅಂತ ಮೇಲಿಂದ ಕೆಳಕ್ಕೆ ದರ್ಜೆಗಳಿವೆ. ಇಲ್ಲಿ ‘ಗುಡ್’ ಅಂದರೆ ಚೆನ್ನಾಗಿದೆ ಅಂತಲ್ಲ, ಹಾಳಾಗಿದೆ ಅಂತ. ನನಗೆ ಒಬ್ಬರು ‘ನಿಯರ್ ಮಿಂಟ್’ ಅಂತ ಕಳಿಸಿದ ಎಲ್‌ಪಿ ಬಂದಾಗ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಫೋನು ಮಾಡಿದರೆ ‘ಸಾರ್, ಗೀರು ಒಂದಾದ್ರೂ ಇದೆಯಾ ಹೇಳಿ’ ಅಂದರು. ಗೀರು ನಿಜವಾಗಿಯೂ ಒಂದೂ ಇರಲಿಲ್ಲ.

ಯಾವ ಪ್ಲೇಯರ್ ತಗೊಳ್ಳಲಿ?

ಸೂಟ್‌ಕೇಸಿನ ಹಾಗೆ ಮುಚ್ಚುವ, ಒಳಗೇ ಸ್ಪೀಕರ್ ಇರುವ ಅಗ್ಗದ್ದು ಮಾತ್ರ ಬೇಡ. ನೋಡಲು ಮುದ್ದಾಗಿದೆ, ಆದರೆ ಅದರ ಮುಳ್ಳು ಪ್ಲೇಟಿನ ಮೇಲೆ ಜಾಸ್ತಿ ಭಾರ ಬಿಡುತ್ತೆ. ಒಳ್ಳೆಯ ಪ್ಲೇಯರಿನಲ್ಲಿ ಆ ಭಾರ ಸಾಮಾನ್ಯವಾಗಿ ಎರಡು ಗ್ರಾಂ ಆಸುಪಾಸು. ತೋಳಿನ ಹಿಂದೆ ತಿರುಗಿಸುವ ತೂಕ ಇರುವಂಥದ್ದು ನೋಡಿ ಕೊಳ್ಳಿ. ದುಡ್ಡಿದ್ದವರು ಟೆಕ್ನಿಕ್ಸ್ ಎಸ್‌ಎಲ್-1200ರ ಹಳೇದೊಂದು ಹುಡುಕುತ್ತಾರೆ. 1972ರ ಮಾದರಿ, ಡಿಜೆಗಳು ವರ್ಷಗಟ್ಟಲೆ ಗುದ್ದಿದರೂ ಸುತ್ತುತ್ತಲೇ ಇರುತ್ತೆ. ಅಜ್ಜನ ಕಾಲದ ಎಚ್‌ಎಂವಿ ಫಿಯೆಸ್ಟಾ ಇದ್ದರೆ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ, ಆದರೆ ಒಳ್ಳೆಯ ಪ್ಲೇಟುಗಳನ್ನು ಅದಕ್ಕೆ ಹಾಕಬೇಡಿ.

ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸೊಳ್ಳೆ ಹಾಡಿದ ಹಾಗೆ ಕೇಳುತ್ತೆ ಅಂತ ದೂರು ಬರುತ್ತೆ. ಅದು ಪ್ಲೇಯರಿನ ತಪ್ಪಲ್ಲ. ದಪ್ಪ ಸ್ವರಗಳನ್ನು ಹಾಗೇ ಕೊರೆದರೆ ಗೆರೆ ಅಗಲವಾಗಿ ಜಾಗ ತಿನ್ನುತ್ತೆ. ಅದಕ್ಕೆ ಕೊರೆಯುವಾಗಲೇ ಅವನ್ನು ತಗ್ಗಿಸಿ, ಸಣ್ಣ ಸ್ವರಗಳನ್ನು ಎತ್ತಿರುತ್ತಾರೆ. ನುಡಿಸುವಾಗ ಅದನ್ನು ಉಲ್ಟಾ ಮಾಡಬೇಕು. ಆ ಕೆಲಸ ಫೋನೋ ಪ್ರೀ-ಆಂಪ್‌ನದು. ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಅಂತ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ 1954ರಲ್ಲಿ ನಿಗದಿ ಮಾಡಿದ ಆರ್‌ಐಎಎ ಅಳತೆಯೇ ಇವತ್ತಿಗೂ ನಡೆಯುತ್ತಿದೆ. ಕೆಲವು ಪ್ಲೇಯರಿನಲ್ಲಿ ಅದು ಒಳಗೇ ಇರುತ್ತೆ, ಕೊಳ್ಳುವಾಗ ಕೇಳಿ.

78 ಹಾಕುವುದಿದ್ದರೆ ಮುಳ್ಳೇ ಬೇರೆ ಬೇಕು. ಅದರ ಗೆರೆ ಎಲ್‌ಪಿಯದಕ್ಕಿಂತ ಬಹಳ ಅಗಲ. ಎಲ್‌ಪಿ ಮುಳ್ಳು ಹಾಕಿದರೆ ತಳದಲ್ಲಿ ಕೂತು ಕಸ ಗುಡಿಸುತ್ತೆ ಅಷ್ಟೇ.

ಬೂಷ್ಟು ಹಿಡಿದಿದೆ. ಎಸೀಬೇಕಾ?

ಬೇಡಪ್ಪಾ! ಮಲೆನಾಡು, ಕರಾವಳಿಯಿಂದ ಬರುವ ಪ್ಲೇಟುಗಳಲ್ಲಿ ಬೂಷ್ಟು ಇಲ್ಲದ್ದೇ ಕಡಿಮೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕೂತು ಮೊದಲು ಒಣ ಬ್ರಷ್ಷಿನಿಂದ ಉದುರಿಸಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಗೆರೆ ಸುತ್ತುವ ದಿಕ್ಕಿಗೇ ಒರೆಸಿ. ಅಡ್ಡ ಉಜ್ಜಬೇಡಿ. ಲೇಬಲ್ ನೆನೆಯದಂತೆ ಸಣ್ಣ ಡಬ್ಬಿ ಮುಚ್ಚಳ ಒತ್ತಿ ಹಿಡಿಯಿರಿ. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ. ನಲ್ಲಿ ನೀರು ಬೇಡ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಉಪ್ಪು ಕೂರುತ್ತಲ್ಲ, ಅದು ಗೆರೆಯೊಳಗೂ ಕೂರುತ್ತೆ.

ಜಿಡ್ಡು ಹೋಗದಿದ್ದರೆ ನೀರಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಸೇರಿಸಬಹುದು, ವಿನೈಲ್ ಆದರೆ ಮಾತ್ರ. 78ಕ್ಕೆ ಅಪ್ಪಿತಪ್ಪಿಯೂ ಹಾಕಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ. ಒರೆಸಿದ ಬಟ್ಟೆ ಕಪ್ಪಗಾಗುತ್ತಿದ್ದರೆ ಅದು ಕೊಳೆಯಲ್ಲ, ಹಾಡು.

ಫೆವಿಕಾಲ್ ಥರದ ಅಂಟು ಪ್ಲೇಟಿಗೆ ಬಳಿದು, ಒಣಗಿದ ಮೇಲೆ ಸಿಪ್ಪೆ ಸುಲಿದ ಹಾಗೆ ಕೊಳೆ ಸಮೇತ ಎತ್ತುವವರಿದ್ದಾರೆ. ಕೆಲಸ ಮಾಡುತ್ತಂತೆ. ನನಗೆ ಇನ್ನೂ ಧೈರ್ಯ ಬಂದಿಲ್ಲ.

ಇಡುವಾಗ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋದರೆ ವಾಪಸ್ ಬರುವಷ್ಟರಲ್ಲಿ ಹಪ್ಪಳ ರೆಡಿ.

ಮುಳ್ಳು ಒಂದೇ ಕಡೆ ಸಿಕ್ಕಿಕೊಂಡು ಅದನ್ನೇ ಹೇಳುತ್ತೆ. ತೋಳಿನ ಮೇಲೆ ನಾಣ್ಯ ಇಡಬಹುದಾ?

ಹಿಂದೆ ಎಲ್ಲರ ಮನೆಯಲ್ಲೂ ಐದು ಪೈಸೆ ಇಡುತ್ತಿದ್ದರು. ಆ ಪ್ಲೇಟುಗಳೇ ಈಗ ನಮಗೆ ಬೂದಿ ಬಣ್ಣಕ್ಕೆ ತಿರುಗಿ ಸಿಗುತ್ತಿರುವುದು. ಮೊದಲು ತೊಳೆಯಿರಿ. ಎಷ್ಟೋ ಸಲ ಅದು ಗೀರಲ್ಲ, ಅಂಟಿಕೊಂಡ ಕೊಳೆ. ಮುಳ್ಳು ಸವೆದಿದೆಯಾ ಅಂತಲೂ ನೋಡಿ. ವಜ್ರದ ಮುಳ್ಳಾದರೂ 500ರಿಂದ 1000 ಗಂಟೆ ಅಷ್ಟೇ.

ಹಳೇ ಪ್ರೆಸ್ಸಿಂಗೇ (ಆ ಕಾಲದಲ್ಲೇ ಒತ್ತಿದ ಪ್ಲೇಟೇ) ಯಾವತ್ತೂ ಚೆನ್ನಾಗಿರುತ್ತಾ?

ಈ ಪ್ರಶ್ನೆಗೆ ಜಗಳ ಗ್ಯಾರಂಟಿ. ನಾನು ಎರಡು ಸಂಗತಿ ಹೇಳಿ ಸುಮ್ಮನಾಗುತ್ತೇನೆ.

ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ 1959ರದು. ಜಾಝ್ ಕೇಳುವವರ ಮನೆಯಲ್ಲಿ ಇರಲೇಬೇಕಾದ ಎಲ್‌ಪಿ. ಮೊದಲ ಬದಿ ಮುದ್ರಿಸುವಾಗ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸದ್ದು ಮೇಲಕ್ಕೇರುತ್ತೆ, ಹಾಗಾಗಿ ಪ್ಲೇಟಿನಲ್ಲಿ ಆ ಬದಿಯ ಮೂರೂ ಹಾಡಿನ ಶ್ರುತಿ ಒಂಚೂರು ಮೇಲೆ. 1992ರಲ್ಲಿ ಬೇರೆ ಟೇಪಿನಿಂದ ಸರಿ ಮಾಡಿದರು. ಮೂರು ದಶಕ ಜನ ತಪ್ಪು ಶ್ರುತಿಯನ್ನೇ ಪ್ರೀತಿಸಿದ್ದರು.

ಇನ್ನೊಂದು, ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯದು. ಮೂಲ ಟೇಪಿನಿಂದ ಒತ್ತಿದ್ದು ಅಂತ ಜನ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಅದರ ಎಷ್ಟೋ ಪ್ಲೇಟುಗಳಲ್ಲಿ ನಡುವೆ ಡಿಜಿಟಲ್ ಹಂತ ಇದೆ ಅಂತ 2022ರಲ್ಲಿ ಹೊರಬಿತ್ತು. ಅಲ್ಲಿಯವರೆಗೆ ಅವನ್ನೇ ಅನಲಾಗ್, ಅಂದರೆ ಡಿಜಿಟಲ್ ಸೋಕದ, ಧ್ವನಿಗೆ ಮಾದರಿ ಅಂತ ಹೊಗಳಿದವರು ಬೇಕಾದಷ್ಟು ಜನ ಇದ್ದರು. ನಿಮ್ಮ ಕಿವಿಗೆ ಚೆನ್ನಾಗಿದ್ದರೆ ಚೆನ್ನಾಗಿದೆ. ಅಂದಹಾಗೆ 180 ಗ್ರಾಂ ತೂಕ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ತೂಕದಿಂದ ಹಾಡು ಚೆನ್ನಾಗುವುದಿಲ್ಲ.

ಪ್ಲೇಟು ಸಾಲ ಕೊಡಬಹುದಾ?

ಕೊಡಬೇಡಿ. ಮನೆಗೆ ಕರೆದು ಕೇಳಿಸಿ, ಉಪ್ಪಿಟ್ಟು ಕೊಡಿ.

ಕವರಿನ ಮೇಲೆ ಯಾರದ್ದೋ ಹೆಸರು ಬರೆದಿದೆ. ಅಳಿಸಬೇಕಾ?

ಮಾರುವವರು ಅಳಿಸುತ್ತಾರೆ. ನಾವು ಬಿಡುತ್ತೇವೆ. ಹೋದ ತಿಂಗಳು ನಮ್ಮಲ್ಲೊಬ್ಬರು ದೇವರನಾಮಗಳ ಎಲ್‌ಪಿ ತಂದಿದ್ದರು, ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿದ್ದು. ಹಿಂಬದಿಯ ಹಾಡಿನ ಪಟ್ಟಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಎರಡು ಹಾಡಿಗೆ ಟಿಕ್ಕು, ಒಂದಕ್ಕೆ ‘ಸಂಜೆ’ ಅಂತ, ಐದನೆಯದರ ಮುಂದೆ ದುಂಡಗಿನ ಅಕ್ಷರದಲ್ಲಿ ‘ಬೇಡ’. ಯಾಕೆ ಬೇಡ ಅಂತ ತಲೆ ಕೆರೆದುಕೊಂಡು, ಎಲ್ಲಕ್ಕಿಂತ ಮೊದಲು ಅದನ್ನೇ ಹಾಕಿದೆವು. ಹಾಡು ಚೆನ್ನಾಗೇ ಇತ್ತು. ಪ್ಲೇಟಿನ ಆ ಭಾಗ ಮಾತ್ರ ಒಂದು ಗೀರಿಲ್ಲದೆ ಹೊಸದರ ಹಾಗೆ ಹೊಳೆಯುತ್ತಿತ್ತು.